ಬಂಗಾರಪೇಟೆಯಲ್ಲಿ ರೈಲು ನೋಡೋದು ಹೇಗೆ: ಮೊದಲು ಪ್ಯಾಸೆಂಜರ್, ಆಮೇಲೆ ವಂದೇ ಭಾರತ್

ರೈಲು ನೋಡೋಕೂ ಒಂದು ಮಾರ್ಗದರ್ಶಿ ಬೇಕಾ ಅಂತ ನೀವು ಕೇಳಬಹುದು. ಸುಮ್ನೆ ನೋಡೋಕೆ ಬೇಡ. ಹಳಿ ಪಕ್ಕದ ಊರಲ್ಲಿ ಬೆಳೆದವರಿಗೆ ಅದನ್ನು ಯಾರೂ ಕಲಿಸಿಲ್ಲ. ಆದರೆ ನೋಡಿದ್ದನ್ನು ಇಪ್ಪತ್ತು ವರ್ಷ ಆದಮೇಲೂ ಇನ್ನೊಬ್ಬರಿಗೆ ತೋರಿಸಬೇಕು ಅಂದರೆ ಸ್ವಲ್ಪ ತಯಾರಿ ಬೇಕು.

ಬಂಗಾರಪೇಟೆ–ಕೋಲಾರ ರೈಲ್‌ಬಸ್ಸನ್ನೇ ತಗೊಳ್ಳಿ. ಹಳಿ ಮೇಲೆ ಓಡುತ್ತಿದ್ದ ಬಸ್ಸು ಅದು. ಈ ಭಾಗದಲ್ಲಿ ಒಂದು ವಯಸ್ಸಿನವರನ್ನೆಲ್ಲ ಕೇಳಿ ನೋಡಿ, ಅದರಲ್ಲಿ ಕೂತಿದ್ದು, ಅದು ಅಲ್ಲಾಡುತ್ತಿದ್ದುದು, ಕಾಲೇಜಿಗೆ ತಡ ಆಗಿದ್ದು ಎಲ್ಲ ಹೇಳುತ್ತಾರೆ. ಫೋಟೊ ಇದೆಯಾ ಅಂದರೆ ಬಹಳ ಜನರ ಹತ್ತಿರ ಇಲ್ಲ. ಅದೇ ಜನರ ಹತ್ತಿರ ಶತಾಬ್ದಿಯ ಫೋಟೊ ಇರುತ್ತದೆ. ದಿನಾ ಕಣ್ಣಿಗೆ ಬೀಳುವ ಗಾಡಿಯನ್ನು ಯಾರು ಫೋಟೊ ತೆಗೆಯುತ್ತಾರೆ, ಅಲ್ವಾ? ಹಾಗಾಗಿ ಈ ಲೇಖನದ ಹಟ ಒಂದೇ. ನಿಮ್ಮೂರಿನ ಮಾಮೂಲಿ ಗಾಡಿಯನ್ನು ಮೊದಲು ತೆಗೆಯಿರಿ. ಹೊಸ ಮಿಂಚಿನ ಗಾಡಿಯ ಫೋಟೊವನ್ನು ಸಾವಿರ ಜನ ತೆಗೆಯುತ್ತಾರೆ, ನೀವು ಬಿಟ್ಟರೂ ನಷ್ಟವಿಲ್ಲ.

ಬಂಗಾರಪೇಟೆಯೇ ಯಾಕೆ

ಬೆಂಗಳೂರು ದಂಡು ಪ್ರದೇಶದಿಂದ ಜೋಲಾರ್‌ಪೇಟೆಗೆ ರೈಲು ಶುರುವಾಗಿದ್ದು 1864ರಲ್ಲಿ. ಹಳೇ ಮೈಸೂರು ಸಂಸ್ಥಾನದ ಮೊದಲ ರೈಲು ದಾರಿ ಅದೇ. ಆಗ ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ಹೆಸರಿನಲ್ಲೇ ಈ ಊರು ಬೌರಿಂಗ್‌ಪೇಟೆ ಆಯಿತು. ಆಮೇಲೆ 1894ರಲ್ಲಿ ಚಿನ್ನದ ಗಣಿಗೆ ಒಂದು ಕವಲು ಹೋಯಿತು, ಮಾರಿಕುಪ್ಪಂ ತನಕ. ಇಪ್ಪತ್ತನೇ ಶತಮಾನದ ಎರಡನೇ ದಶಕದಲ್ಲಿ ಕೋಲಾರದ ಕಡೆಗೆ ಇನ್ನೊಂದು ಕವಲು, ಅದು ನ್ಯಾರೋಗೇಜ್. ಹಳಿಗಳ ನಡುವಿನ ಅಗಲ ಬರೀ ಎರಡೂವರೆ ಅಡಿ. ಕೋಲಾರ, ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ಎಲ್ಲವನ್ನೂ ಆ ಪುಟ್ಟ ಗಾಡಿ ಮುಟ್ಟುತ್ತಿತ್ತು. 1990ರ ದಶಕದಲ್ಲಿ ಕೋಲಾರದ ತನಕ ಅಗಲ ಹಳಿ, ಅಂದರೆ ಬ್ರಾಡ್‌ಗೇಜ್ ಆಯಿತು. ಮುಂದಿನ ಭಾಗ ಬಹಳ ಕಾಲ ಮುಚ್ಚಿಯೇ ಇತ್ತು. 2013ರಲ್ಲಿ ಮತ್ತೆ ಚಿಕ್ಕಬಳ್ಳಾಪುರದವರೆಗೆ ರೈಲು ಓಡಿತು.

ಅಂದರೆ ಒಂದೇ ನಿಲ್ದಾಣದಲ್ಲಿ ನಿಂತರೆ ನಾಲ್ಕು ಥರದ ಗಾಡಿ ಸಿಗುತ್ತದೆ. ಚೆನ್ನೈ ಮುಖ್ಯ ಮಾರ್ಗದ ಎಕ್ಸ್‌ಪ್ರೆಸ್‌ಗಳು, ಕೆಜಿಎಫ್ ಕಡೆಯ ಲೋಕಲ್‌ಗಳು, ಕೋಲಾರ ಕಡೆಗೆ ಹೋಗುವ ಗಾಡಿ, ಮತ್ತೆ ಗೂಡ್ಸ್. ಜೊತೆಗೆ ಹೊರಗೆ ಬಂದರೆ ನೀರಿನಷ್ಟೇ ತಿಳಿಯಾದ ಪಾನಿಯ ಪಾನಿಪುರಿ. ಬೇರೆ ಯಾವ ಜಂಕ್ಷನ್ನಿಗೆ ಈ ಸೌಲಭ್ಯ ಇದೆ ಹೇಳಿ.

ಒಂದು ಜಾಗ ಹಿಡಿದುಕೊಳ್ಳಿ

ಮೊದಲ ಕೆಲಸ ಇದು. ಇವತ್ತು ಮಾಲೂರು, ನಾಳೆ ಟೇಕಲ್, ನಾಡಿದ್ದು ಕುಪ್ಪಂ ಅಂತ ಓಡಾಡಿದರೆ ಚಂದದ ನಾಲ್ಕು ಫೋಟೊ ಸಿಗಬಹುದು. ಆದರೆ ಒಂದೇ ಜಾಗದಲ್ಲಿ ನಿಂತು ಬೇರೆ ಬೇರೆ ವರ್ಷ ತೆಗೆದ ಫೋಟೊಗಳ ಬೆಲೆ ಬೇರೆ. ಕರೆಂಟ್ ಕಂಬ ಬಂದಿದ್ದು, ಚಾವಣಿ ಬದಲಾಗಿದ್ದು, ಆಲದ ಮರ ಹೋಗಿದ್ದು ಎಲ್ಲ ಅದರಲ್ಲಿ ತಾನಾಗಿ ಕಾಣುತ್ತದೆ.

ಹೊಸಬರಿಗೆ ನಿಲ್ದಾಣದ ಪ್ಲಾಟ್‌ಫಾರಮ್ಮೇ ಒಳ್ಳೆಯದು. ಹತ್ತು ರೂಪಾಯಿಯ ಪ್ಲಾಟ್‌ಫಾರಂ ಟಿಕೆಟ್ ಎರಡು ಗಂಟೆ ನಡೆಯುತ್ತದೆ. ಒಳಗೆ ಹೋದಮೇಲೆ ಪ್ಲಾಟ್‌ಫಾರಮ್ಮಿನ ಎರಡೂ ತುದಿಗೆ ಒಮ್ಮೆ ನಡೆದು ನೋಡಿ. ಜನಸಂದಣಿ ಕಡಿಮೆ ಇರುವ, ಗಾಡಿ ತಿರುವಿನಿಂದ ಬರೋದು ದೂರದಿಂದಲೇ ಕಾಣುವ ಕಡೆ ನಿಲ್ಲಿ. ಇಳಿಜಾರು ಶುರುವಾಗುವ ಕಡೆ ನಿಮ್ಮ ಗಡಿ ಮುಗಿಯಿತು ಅಂದುಕೊಳ್ಳಿ. ಮೇಲ್ಸೇತುವೆ ಮೇಲಿನಿಂದ ನೋಟ ಚೆನ್ನಾಗಿರುತ್ತದೆ ನಿಜ, ಆದರೆ ಬೆಳಗ್ಗೆ ಬೆಂಗಳೂರಿಗೆ ಕೆಲಸಕ್ಕೆ ಹೋಗುವವರು ಓಡುವ ಹೊತ್ತಿನಲ್ಲಿ ಅಲ್ಲಿ ಕಾಲು ಚಾಚಿ ನಿಂತರೆ ಬೈಗುಳ ಗ್ಯಾರಂಟಿ. ಬೈಗುಳ ನ್ಯಾಯವೂ ಹೌದು.

ನಿಲ್ದಾಣದ ಹೊರಗೆ ಅಂದರೆ ಟೇಕಲ್ ಕಡೆ. ಅಲ್ಲಿ ದೊಡ್ಡ ದೊಡ್ಡ ಬಂಡೆಗಳ ಗುಡ್ಡಗಳು ಹಳಿಗೆ ಹಿನ್ನೆಲೆಯಾಗುತ್ತವೆ. ರಸ್ತೆಯ ಬದಿಯಿಂದ, ಇಲ್ಲವೇ ಹೊಲದ ಬದುವಿನಿಂದ ತೆಗೆಯಬಹುದು. ಹೊಲಕ್ಕೆ ಕಾಲಿಡುವ ಮೊದಲು ಅಲ್ಲಿರುವವರನ್ನು ಒಂದು ಮಾತು ಕೇಳಿ. "ಅಣ್ಣಾ, ರೈಲು ಫೋಟೊ ತೆಗೀಬೇಕಿತ್ತು, ಬದು ಮೇಲೆ ನಿಂತ್ಕೊಳ್ಲಾ?" ಅಂದರೆ ಸಾಮಾನ್ಯವಾಗಿ ಬೇಡ ಅನ್ನಲ್ಲ. ಟೊಮೆಟೊಗೆ ಕಡ್ಡಿ ನೆಟ್ಟಿರುವ ಸಾಲಿನ ಒಳಗೆ ಮಾತ್ರ ಹೋಗಬೇಡಿ. ಇಲ್ಲಿ ಟೊಮೆಟೊ ಬೆಲೆ ಏರಿದ ವಾರ ತೋಟಕ್ಕೆ ಕಾವಲು ಇರುತ್ತದೆ, ನಿಮ್ಮ ಕ್ಯಾಮೆರಾ ಬ್ಯಾಗನ್ನು ಯಾರೂ ಕ್ಯಾಮೆರಾ ಬ್ಯಾಗ್ ಅಂತ ನಂಬಲ್ಲ.

ಹಳಿ, ತಂತಿ, ಪೊಲೀಸು

ಹಳಿ ಮೇಲೆ ಇಳಿಯಬೇಡಿ. ಇದು ಬರೀ ಬುದ್ಧಿಮಾತಲ್ಲ. 1989ರ ರೈಲ್ವೆ ಕಾಯ್ದೆಯ 147ನೇ ಕಲಂ ಪ್ರಕಾರ ಅತಿಕ್ರಮ ಪ್ರವೇಶಕ್ಕೆ ಆರು ತಿಂಗಳವರೆಗೆ ಜೈಲು, ಇಲ್ಲವೇ 1000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಜೋಡಿ ಹಳಿಯ ದಾರಿಯಲ್ಲಿ ಅಪಾಯ ಇನ್ನೂ ಜಾಸ್ತಿ. ಒಂದು ಕಡೆಯ ಗೂಡ್ಸ್ ಗದ್ದಲದಲ್ಲಿ ಇನ್ನೊಂದು ಕಡೆಯಿಂದ ಬರುವ ಎಕ್ಸ್‌ಪ್ರೆಸ್ ಸದ್ದು ಕೇಳಿಸುವುದೇ ಇಲ್ಲ. ಎಲೆಕ್ಟ್ರಿಕ್ ಎಂಜಿನ್ ಅಂತೂ ಹತ್ತಿರ ಬರುವ ತನಕ ಗೊತ್ತೇ ಆಗಲ್ಲ.

ಮೇಲಿನ ತಂತಿಯಲ್ಲಿರುವುದು 25,000 ವೋಲ್ಟ್. ಮನೆಯ ಕರೆಂಟಿನ ಹಾಗೆ ಮುಟ್ಟಿದರಷ್ಟೇ ಹೊಡೆಯುತ್ತದೆ ಅಂತ ತಿಳಿಯಬೇಡಿ, ಹತ್ತಿರ ಹೋದರೂ ಸಾಕು. ಸೆಲ್ಫಿ ಕೋಲು, ಉದ್ದದ ಕ್ಯಾಮೆರಾ ಸ್ಟ್ಯಾಂಡು, ಮಳೆಗಾಲದ ಕೊಡೆ, ಯಾವುದನ್ನೂ ತಂತಿ ಕಡೆ ಎತ್ತಬೇಡಿ. ನಿಂತಿರುವ ಗೂಡ್ಸ್ ಬೋಗಿ ಹತ್ತಿ ಫೋಟೊ ತೆಗೆಯಲು ಹೋಗಿ ಸತ್ತ ಹುಡುಗರ ಸುದ್ದಿ ಪೇಪರಿನಲ್ಲಿ ಆಗಾಗ ಬರುತ್ತಲೇ ಇರುತ್ತದೆ.

ಫ್ಲ್ಯಾಷ್ ಬೇಡವೇ ಬೇಡ. ಕತ್ತಲಲ್ಲಿ ಲೋಕೋ ಪೈಲಟ್ ಕಣ್ಣಿಗೆ ಹೊಡೆಯುತ್ತದೆ. ರೈಲ್ವೆ ಪೊಲೀಸರು ಬಂದು ಯಾಕೆ ತೆಗೀತಿದ್ದೀರಿ ಅಂತ ಕೇಳಿದರೆ ವಾದಕ್ಕೆ ನಿಲ್ಲಬೇಡಿ. ಟಿಕೆಟ್ ತೋರಿಸಿ, ಹವ್ಯಾಸ ಅಂತ ಹೇಳಿ, ಬೇಡ ಅಂದರೆ ಹೊರಡಿ. ಮದುವೆ ಶೂಟಿಂಗ್, ಜಾಹೀರಾತು ಅಂಥದ್ದಕ್ಕೆಲ್ಲ ಮೊದಲೇ ಅನುಮತಿ ಬೇಕು, ಅದು ಈ ಲೇಖನದ ವಿಷಯ ಅಲ್ಲ.

ಗಾಡಿ ಬರುವುದು ತಿಳಿಯೋದು ಹೇಗೆ

ಮೊಬೈಲಿನಲ್ಲಿ ರೈಲ್ವೆಯವರ ಎನ್‌ಟಿಇಎಸ್ ಇದೆ, ವೇರ್ ಈಸ್ ಮೈ ಟ್ರೈನ್ ಇದೆ, ಗಾಡಿ ಎಲ್ಲಿದೆ ಅಂತ ಎರಡೂ ತೋರಿಸುತ್ತವೆ. ಎಕ್ಸ್‌ಪ್ರೆಸ್‌ಗಳಿಗೆ ಅಷ್ಟು ಸಾಕು. ಗೂಡ್ಸ್ ಗಾಡಿಗೆ ವೇಳಾಪಟ್ಟಿ ಇಲ್ಲ, ಅಲ್ಲಿ ನಿಮ್ಮ ಕಣ್ಣು ಕಿವಿಯೇ ಗತಿ.

ಸಿಗ್ನಲ್ ಓದಲು ಕಲಿಯಿರಿ. ಕೆಂಪು ಅಂದರೆ ನಿಲ್ಲು. ಒಂದು ಹಳದಿ ಅಂದರೆ ಮುಂದಿನ ಸಿಗ್ನಲ್‌ನಲ್ಲಿ ನಿಲ್ಲಲು ತಯಾರಾಗಿ ಬಾ. ಎರಡು ಹಳದಿ ಅಂದರೆ ಹುಷಾರಾಗಿ ಬಾ, ಮುಂದಿನ ಸಿಗ್ನಲ್ ದಾಟುವಾಗ ವೇಗ ಕಡಿಮೆ ಇರಲಿ. ಹಸಿರು ಅಂದರೆ ನುಗ್ಗು. ಪ್ಲಾಟ್‌ಫಾರಮ್ಮಿನ ತುದಿಯ ಸಿಗ್ನಲ್ ಗಾಡಿ ಬರುವ ಮೊದಲೇ ಹಸಿರಾಗಿದ್ದರೆ ಬರುವ ಗಾಡಿ ನಿಲ್ಲದೆ ಹೋಗುವ ಸಾಧ್ಯತೆ ಜಾಸ್ತಿ. ಆಗ ಹಳದಿ ಗೆರೆಯಿಂದ ಇನ್ನೂ ಎರಡು ಹೆಜ್ಜೆ ಹಿಂದೆ ಸರಿಯಿರಿ. ವೇಗದ ಗಾಡಿ ಗಾಳಿಯನ್ನೂ ಧೂಳನ್ನೂ ಎಳೆದುಕೊಂಡು ಬರುತ್ತದೆ.

ಗೇಟಿನ ಹತ್ತಿರ ನಿಂತರೆ ಇನ್ನೂ ಸುಲಭ. ಗೇಟ್ ಬಿತ್ತು ಅಂದರೆ ಗಾಡಿ ಬಂತು. ಹಳಿ ಪಕ್ಕದಲ್ಲಿ 'ಡಬ್ಲ್ಯು/ಎಲ್' ಅಂತ ಬರೆದ ಹಳದಿ ಹಲಗೆ ಇರುತ್ತದೆ. ಮುಂದೆ ಗೇಟ್ ಇದೆ, ಹಾರ್ನ್ ಹೊಡಿ ಅಂತ ಅದರ ಅರ್ಥ. ಆ ಹಾರ್ನ್ ಕೇಳಿದ ತಕ್ಷಣ ಕ್ಯಾಮೆರಾ ಕಣ್ಣಿಗೆ ಹೋಗಬೇಕು. ಗೇಟ್‌ಮನ್ ಕೆಲಸದಲ್ಲಿರುವಾಗ ಮಾತಿಗೆ ಎಳೆಯಬೇಡಿ. ಗಾಡಿ ದಾಟುವಾಗ ಅವರು ಬಾವುಟ ಹಿಡಿದು ನಿಂತು ಪ್ರತಿ ಬೋಗಿಯ ಚಕ್ರ, ಬಾಗಿಲು ನೋಡುತ್ತಿರುತ್ತಾರೆ.

ಇದೆಲ್ಲದಕ್ಕಿಂತ ಒಳ್ಳೆಯ ಮಾಹಿತಿ ಕೇಂದ್ರ ಅಂದರೆ ಸೀಸನ್ ಪಾಸಿನವರು. ದಿನಾ ಕೆಜಿಎಫ್‌ನಿಂದ, ಬಂಗಾರಪೇಟೆಯಿಂದ ಬೆಂಗಳೂರಿಗೆ ಹೋಗಿಬರುವವರು. ಯಾವ ಗಾಡಿಗೆ ಎಂಜಿನ್ ಬದಲಾಯಿತು, ಯಾವುದನ್ನು ದಿನಾ ಪಕ್ಕದ ಹಳಿಗೆ, ಅಂದರೆ ಲೂಪ್ ಲೈನಿಗೆ ಹಾಕಿ ಕಾಯಿಸುತ್ತಾರೆ, ಯಾವ ಬೋಗಿಯಲ್ಲಿ ಭಜನೆ ನಡೆಯುತ್ತದೆ, ಎಲ್ಲ ಅವರಿಗೆ ಗೊತ್ತು. ಕೇಳಿದರೆ ಖುಷಿಯಿಂದ ಹೇಳುತ್ತಾರೆ, ಕೇಳದಿದ್ದರೂ ಹೇಳುತ್ತಾರೆ.

ಬಿಸಿಲಿನ ಲೆಕ್ಕ

ಇದರಲ್ಲಿ ಸ್ವಲ್ಪ ತಲೆ ಕೆಡಿಸಿಕೊಳ್ಳಿ, ಮುಕ್ಕಾಲು ಫೋಟೊ ಕೆಡುವುದು ಇಲ್ಲೇ.

ಮಾಲೂರಿನಿಂದ ಬಂಗಾರಪೇಟೆಯ ತನಕ ಹಳಿ ಹೆಚ್ಚುಕಡಿಮೆ ಪಶ್ಚಿಮದಿಂದ ಪೂರ್ವಕ್ಕೆ ಇದೆ. ವರ್ಷದ ಬಹುಪಾಲು ಸೂರ್ಯ ದಕ್ಷಿಣದ ಕಡೆ ಇರುತ್ತಾನೆ. ಹಾಗಾಗಿ ಹಳಿಯ ದಕ್ಷಿಣಕ್ಕೆ ನಿಂತರೆ ಬಿಸಿಲು ನಿಮ್ಮ ಬೆನ್ನಿಗೆ, ಬೆಳಕು ಗಾಡಿಯ ಮೇಲೆ. ಆದರೆ ನಾವು 13 ಡಿಗ್ರಿ ಅಕ್ಷಾಂಶದಲ್ಲಿದ್ದೇವೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿ ದಾಟಿ ಉತ್ತರಕ್ಕೆ ಹೋಗಿರುತ್ತಾನೆ. ಆ ತಿಂಗಳುಗಳಲ್ಲಿ ಉತ್ತರದ ಕಡೆ ನಿಲ್ಲಬೇಕು. ಬೇರೆ ಊರಿನವರು ಬರೆದ ಫೋಟೊಗ್ರಫಿ ಪಾಠಗಳಲ್ಲಿ ಈ ಮಾತು ಸಿಗಲ್ಲ.

ಇನ್ನು ಗಾಡಿಯ ಮುಖ. ಬೆಳಗ್ಗೆ ಸೂರ್ಯ ಪೂರ್ವದಲ್ಲಿ, ಆದ್ದರಿಂದ ಚೆನ್ನೈ ಕಡೆ ಹೋಗುವ ಗಾಡಿಯ ಮುಖ ಬೆಳಗುತ್ತದೆ. ಬೆಂಗಳೂರಿಗೆ ಹೋಗುವ ಗಾಡಿಯ ಮುಖ ಕತ್ತಲು. ಸಂಜೆ ಇದು ತಿರುಗಾಮುರುಗಾ. 1964ರಿಂದ ಓಡುತ್ತಿರುವ ನಮ್ಮ ಬೃಂದಾವನ ಎಕ್ಸ್‌ಪ್ರೆಸ್‌ಗೆ ಇದರಲ್ಲಿ ಅದೃಷ್ಟವೇ ಇಲ್ಲ. ಬೆಂಗಳೂರಿನಿಂದ ಮಧ್ಯಾಹ್ನ ಹೊರಟು ಸೂರ್ಯನಿಗೆ ಬೆನ್ನು ಹಾಕಿಯೇ ಬಂಗಾರಪೇಟೆಗೆ ಬರುತ್ತದೆ. ಚೆನ್ನೈನಿಂದ ಬರುವಾಗ ನಡು ಮಧ್ಯಾಹ್ನ, ಬಿಸಿಲು ನೆತ್ತಿ ಮೇಲೆ. ಅದರ ಮುಖದ ಆಸೆ ಬಿಡಿ. ಸಂಜೆಯ ಗಾಡಿಯನ್ನು ಪಕ್ಕದಿಂದ ತೆಗೆಯಿರಿ. ಕಿಟಕಿ ಸಾಲಿನ ಮೇಲೆ ಓರೆ ಬಿಸಿಲು ಬಿದ್ದಾಗ ಒಳಗೆ ಕೂತವರ ಮುಖಗಳೂ ಬರುತ್ತವೆ.

ತಿಂಗಳು ಯಾವುದು ಒಳ್ಳೆಯದು ಅಂದರೆ ನನ್ನ ಓಟು ಅಕ್ಟೋಬರ್, ನವೆಂಬರ್‌ಗೆ. ಮಳೆ ಬಿದ್ದು ಗಾಳಿಯಲ್ಲಿ ಧೂಳು ಇಲ್ಲ, ಹೊಲದಲ್ಲಿ ರಾಗಿ ತೆನೆ ನಿಂತಿರುತ್ತದೆ. ಡಿಸೆಂಬರ್, ಜನವರಿಯ ಬೆಳಗಿನ ಮಂಜು ಕೂಡ ಚಂದವೇ. ಆಗ ಬೆಂಗಳೂರು ಕಡೆಯ ಗಾಡಿಯ ಕತ್ತಲ ಮುಖವೂ ನಡೆಯುತ್ತದೆ, ಹೆಡ್‌ಲೈಟ್ ಒಂದು ಕಂಡರೆ ಸಾಕು.

ಕ್ಲಿಕ್ ಮಾಡುವಾಗ

ಗಂಟೆಗೆ 110 ಕಿಲೋಮೀಟರ್ ವೇಗದ ಗಾಡಿ ಒಂದು ಸೆಕೆಂಡಿಗೆ 30 ಮೀಟರ್ ಹೋಗುತ್ತದೆ. ಶಟರ್ 1/500 ಸೆಕೆಂಡ್ ತೆರೆದಿದ್ದರೆ ಅಷ್ಟರಲ್ಲೇ ಗಾಡಿ 6 ಸೆಂಟಿಮೀಟರ್ ಸರಿದಿರುತ್ತದೆ. ಎಂಜಿನ್ ಮೇಲಿನ ನಂಬರ್ ಓದಲು ಬರಲ್ಲ. ಶಟರ್ 1/1000 ಸೆಕೆಂಡಿಗಿಂತ ಹೆಚ್ಚು ಹೊತ್ತು ತೆರೆದಿರಬಾರದು. ನೇರ ಪಕ್ಕದಿಂದ ತೆಗೆಯುವ ಬದಲು ಓರೆಯಾಗಿ, ಮುಖವೂ ಒಂದು ಪಕ್ಕೆಯೂ ಕಾಣುವ ಹಾಗೆ ತೆಗೆದರೆ ಕದಲಿದ್ದು ಅಷ್ಟು ಕಾಣಲ್ಲ. ನಿಲ್ದಾಣ ಬಿಟ್ಟು ನಿಧಾನ ಹೊರಡುವ ಗಾಡಿಯಾದರೆ ಇದಾವ ಚಿಂತೆಯೂ ಇಲ್ಲ, ಪ್ಯಾಸೆಂಜರ್ ಗಾಡಿ ಮೊದಲು ತೆಗೆಯಿರಿ ಅನ್ನೋದಕ್ಕೆ ಇದೂ ಒಂದು ಕಾರಣ.

ಮೊಬೈಲ್ ಸಾಕು. ಅಡ್ಡ ಹಿಡಿಯಿರಿ. ಗಾಡಿ ಬರುವ ಮೊದಲೇ ಅದು ಬರುವ ಜಾಗದ ಮೇಲೆ ಬೆರಳು ಒತ್ತಿ ಹಿಡಿದು ಫೋಕಸ್ ಕಟ್ಟಿಹಾಕಿ. ಇಲ್ಲದಿದ್ದರೆ ಹೆಡ್‌ಲೈಟ್ ಕಂಡ ಕೂಡಲೇ ಫೋನು ಗಲಿಬಿಲಿಯಾಗಿ ಇಡೀ ಚಿತ್ರವನ್ನು ಕಪ್ಪಾಗಿಸುತ್ತದೆ. ಬೆರಳು ತಂತಾನೇ ಜೂಮ್ ಮಾಡುತ್ತದೆ, ತಡೆಯಿರಿ. ಆಮೇಲೆ ಕತ್ತರಿಸಿಕೊಂಡರಾಯಿತು. ಸಾಲಾಗಿ ಹತ್ತಾರು ಫೋಟೊ ಹೊಡೆಯುವ ಬರ್ಸ್ಟ್ ಇಟ್ಟುಕೊಳ್ಳಿ.

ಗಾಡಿಯ ಬಾಲವನ್ನೂ ತೆಗೆಯಿರಿ. ಕೊನೆಯ ಬೋಗಿಯ ಹಿಂದೆ ದೊಡ್ಡ ಗುಣಾಕಾರ ಚಿಹ್ನೆ ಇರುತ್ತದೆ. ಗಾಡಿ ಪೂರ್ತಿ ಬಂತು, ನಡುವೆ ಎಲ್ಲೂ ತುಂಡಾಗಿ ಉಳಿದಿಲ್ಲ ಅಂತ ನಿಲ್ದಾಣದವರು ಖಾತ್ರಿ ಮಾಡಿಕೊಳ್ಳೋದು ಅದನ್ನು ನೋಡಿಯೇ. ಆಮೇಲೆ ಚಹಾದವರು, ಬುಟ್ಟಿ ಹೊತ್ತವರು, ಹಲಗೆ ಮೇಲಿನ ಊರಿನ ಹೆಸರು. ಬರೀ ಎಂಜಿನ್ ತುಂಬಿದ ಆಲ್ಬಂ ಬೇಗ ಬೇಜಾರು ಹಿಡಿಸುತ್ತದೆ. ಜನರ ಮುಖ ಹತ್ತಿರದಿಂದ ತೆಗೆಯುವುದಾದರೆ ಕೇಳಿ ತೆಗೆಯಿರಿ.

ಎರಡು ನಿಮಿಷ ಸದ್ದನ್ನೂ ರೆಕಾರ್ಡ್ ಮಾಡಿ. ಹಳೇ ಡೀಸೆಲ್ ಎಂಜಿನ್ನಿನ ಗುಡುಗುಡು ಈಗಲೇ ಅಪರೂಪ ಆಗಿದೆ.

ನೋಟ್‌ಬುಕ್

ತಾರೀಖು, ಹೊತ್ತು, ಗಾಡಿ ನಂಬರ್, ಯಾವ ಕಡೆಗೆ, ಎಂಜಿನ್ ನಂಬರ್, ಆ ಎಂಜಿನ್ನನ್ನು ನೋಡಿಕೊಳ್ಳುವ ಶೆಡ್. ಇಷ್ಟೇ ಬರೆಯಬೇಕಾದ್ದು. ಫೋನಿನಲ್ಲಿ ತಾರೀಖು ಇರುತ್ತಲ್ಲ ಅನ್ನಬೇಡಿ, ಅದು ವಾಟ್ಸ್‌ಆ್ಯಪ್‌ನಲ್ಲಿ ಒಮ್ಮೆ ಓಡಾಡಿ ಬಂದರೆ ಮಾಯ.

ಎಂಜಿನ್ ಮೇಲಿನ ಅಕ್ಷರಗಳು ಮೊದಲು ಗೊಂದಲ ಅನಿಸುತ್ತವೆ, ಆದರೆ ಸುಲಭ. ಮೊದಲ ಅಕ್ಷರ ಹಳಿಯ ಅಗಲ: ಡಬ್ಲ್ಯು ಬ್ರಾಡ್‌ಗೇಜ್, ವೈ ಮೀಟರ್‌ಗೇಜ್, ಝಡ್ ಕೋಲಾರದಲ್ಲಿದ್ದಂಥ ಎರಡೂವರೆ ಅಡಿಯ ನ್ಯಾರೋಗೇಜ್. ಎರಡನೆಯದು ಡಿ ಆದರೆ ಡೀಸೆಲ್, ಎ ಆದರೆ ತಂತಿಯ ಕರೆಂಟು. ಮೂರನೆಯದು ಪಿ ಆದರೆ ಪ್ರಯಾಣಿಕರ ಗಾಡಿಗೆ, ಜಿ ಗೂಡ್ಸಿಗೆ, ಎಂ ಎರಡಕ್ಕೂ. ಹಾಗಾಗಿ ಡಬ್ಲ್ಯುಎಪಿ-7 ಅಂದರೆ ಏನು ಅಂತ ನೀವೇ ಬಿಡಿಸಬಹುದು. ಕೆಜೆಎಂ ಅಂತ ಬರೆದಿದ್ದರೆ ಅದು ಕೃಷ್ಣರಾಜಪುರಂ ಶೆಡ್ಡಿನ ಎಂಜಿನ್, ನಮ್ಮದೇ ನೆಂಟ.

ಗಾಡಿ ನಂಬರಿನ ಮೊದಲ ಅಂಕಿಯೂ ಮಾತಾಡುತ್ತದೆ. 1 ಮತ್ತು 2 ದೂರದ ಎಕ್ಸ್‌ಪ್ರೆಸ್, 5 ಪ್ಯಾಸೆಂಜರ್, 6 ಮೆಮು (ಕರೆಂಟಿನ ಲೋಕಲ್), 7 ಡೆಮು (ಡೀಸೆಲ್ ಲೋಕಲ್), 0 ವಿಶೇಷ ಗಾಡಿ. ಬೋಗಿಯ ನಂಬರಿನ ಮೊದಲ ಎರಡು ಅಂಕಿ ಅದು ಹುಟ್ಟಿದ ವರ್ಷ. 98 ಅಂತಿದ್ದರೆ 1998ರ ಬೋಗಿ. ಚೆನ್ನೈನ ಪೆರಂಬೂರಿನ ಬೋಗಿ ಕಾರ್ಖಾನೆ ಐಸಿಎಫ್‌ನಲ್ಲಿ ಹಳೇ ಮಾದರಿಯ ಬೋಗಿ ಕಟ್ಟುವುದನ್ನು 2018ರಲ್ಲಿ ನಿಲ್ಲಿಸಿದರು. ಈಗ ಬರುವುದೆಲ್ಲ ಹೊಸ ಮಾದರಿಯ ಎಲ್‌ಎಚ್‌ಬಿ. ಹಳೇ ನೀಲಿ ಬೋಗಿಗಳು ಒಂದೊಂದಾಗಿ ಹೋಗುತ್ತಿವೆ, ಕಂಡಾಗ ಬಿಡಬೇಡಿ.

ಮನೆಯ ಆಲ್ಬಮ್ಮಿನಲ್ಲಿ ಹುಡುಕಿ

ನ್ಯಾರೋಗೇಜ್ ಗಾಡಿಯನ್ನು ಇನ್ನು ತೆಗೆಯಲು ಆಗಲ್ಲ. ಹುಡುಕಲು ಆಗುತ್ತದೆ. ಯಾರೂ ರೈಲಿನ ಫೋಟೊ ಅಂತ ತೆಗೆದಿರಲ್ಲ, ಆದರೆ ಮಿಲಿಟರಿಗೆ ಹೊರಟ ಚಿಕ್ಕಪ್ಪನ ಹಿಂದೆ, ತವರಿಗೆ ಹೊರಟ ಅತ್ತೆಯ ಪಕ್ಕದಲ್ಲಿ ಅರ್ಧ ಬೋಗಿ ಇರುತ್ತದೆ. ಸಂಬಂಧಿಕರ ಮನೆಗೆ ಹೋದಾಗ ಆಲ್ಬಂ ಕೇಳಿ. ಫೋಟೊವನ್ನು ಪ್ಲಾಸ್ಟಿಕ್ ಹಾಳೆಯಿಂದ ಜಬರದಸ್ತಿಯಿಂದ ಕೀಳಬೇಡಿ, ಅಂಟಿಕೊಂಡಿದ್ದರೆ ಹಾಗೇ ಬಿಡಿ. ಕಿಟಕಿ ಬೆಳಕಿನಲ್ಲಿ, ಫ್ಲ್ಯಾಷ್ ಇಲ್ಲದೆ, ನೇರ ಮೇಲಿನಿಂದ ಮೊಬೈಲಿನಲ್ಲಿ ತೆಗೆದುಕೊಳ್ಳಿ. ಹಿಂಬದಿಯಲ್ಲಿ ಏನಾದರೂ ಬರೆದಿದ್ದರೆ ಅದನ್ನೂ.

ವರ್ಷ ಗೊತ್ತಿಲ್ಲವಾ? ಫೋಟೊದಲ್ಲೇ ಸುಳಿವು ಇರುತ್ತದೆ. ಮುಖ್ಯ ಮಾರ್ಗದ ಮೇಲೆ ಕರೆಂಟ್ ತಂತಿ ಕಾಣದಿದ್ದರೆ 1990ರ ದಶಕದ ಆರಂಭಕ್ಕಿಂತ ಹಿಂದಿನದು. ಬೋಗಿಗೆ ಕಡುಗೆಂಪು ಬಣ್ಣ ಇದ್ದರೆ ನೀಲಿ ಬರುವ ಮುಂಚಿನ ಕಾಲ. ಗಾಡಿಯ ಹಲಗೆಯಲ್ಲಿ ನಾಲ್ಕೇ ಅಂಕಿ ಇದ್ದರೆ 2010ರ ಡಿಸೆಂಬರ್‌ಗೆ ಮುಂಚೆ, ಐದಂಕಿ ನಂಬರ್ ಬಂದಿದ್ದು ಆಗ. ಇಷ್ಟು ಸಾಲದಿದ್ದರೆ ಅಜ್ಜಿಯನ್ನು ಕೇಳಿ. ಅವರು ವರ್ಷ ಹೇಳಲ್ಲ, "ನಿಮ್ಮ ದೊಡ್ಡಮ್ಮನ ಮದುವೆ ಆದ ಮಾರನೇ ಮಾವಿನ ಕಾಲ" ಅನ್ನುತ್ತಾರೆ. ಅದನ್ನು ಹಾಗೇ ಬರೆದುಕೊಳ್ಳಿ, ಮದುವೆ ಪತ್ರಿಕೆ ಸಿಕ್ಕಿದರೆ ಲೆಕ್ಕ ಕೂಡಿಬರುತ್ತದೆ.

ಫೈಲಿಗೆ ಹೆಸರಿಡುವಾಗ ವರ್ಷ ಮೊದಲು ಬರಲಿ, ಆಮೇಲೆ ತಿಂಗಳು, ದಿನ, ಊರು, ಗಾಡಿ ನಂಬರ್. ಹಾಗಿದ್ದರೆ ಫೋಲ್ಡರಿನಲ್ಲಿ ತಾನೇ ಸಾಲಾಗಿ ಕೂರುತ್ತದೆ. ಫೋನಿನಲ್ಲಿ ಒಂದು ಪ್ರತಿ, ಹಾರ್ಡ್‌ಡಿಸ್ಕಿನಲ್ಲಿ ಒಂದು, ಬೇರೆ ಮನೆಯಲ್ಲಿ ಒಂದು.

ಮುಂದಿನ ಭಾನುವಾರಕ್ಕೆ ಒಂದು ಕೆಲಸ

ಮಾರಿಕುಪ್ಪಂಗೆ ಹೋಗಿ ಬನ್ನಿ. ಬಂಗಾರಪೇಟೆಯಿಂದ ಕೋರಮಂಡಲ್, ಉರಿಗಾಂ, ಚಾಂಪಿಯನ್ ದಾಟಿ ಹೋಗುವ ಈ ಕವಲಿನಷ್ಟು ಕಥೆ ತುಂಬಿದ ದಾರಿ ಜಿಲ್ಲೆಯಲ್ಲಿ ಇನ್ನೊಂದಿಲ್ಲ. ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು, ರೈಲು ಮಾತ್ರ ನಿಲ್ಲಲಿಲ್ಲ. ಗಣಿಗೆ ಕೆಲಸಗಾರರನ್ನು ತಂದ ಹಳಿಯೇ ಈಗ ಅವರ ಮಕ್ಕಳು ಮೊಮ್ಮಕ್ಕಳನ್ನು ಬೆಂಗಳೂರಿನ ಕೆಲಸಕ್ಕೆ ಕರೆದುಕೊಂಡು ಹೋಗುತ್ತಿದೆ. ಕಿಟಕಿಯಿಂದ ಸೈನೈಡ್ ದಿಬ್ಬಗಳು ಕಾಣುತ್ತವೆ. ಚಿನ್ನ ತೆಗೆದಮೇಲೆ ಸುರಿದ ಮಣ್ಣಿನ ಗುಡ್ಡೆಗಳವು. ಗಾಳಿ ಎದ್ದ ದಿನ ಲೆನ್ಸ್ ಮುಚ್ಚಿಕೊಳ್ಳಿ, ದಿಬ್ಬದ ಮೇಲೆ ಹತ್ತಬೇಡಿ.

ಇಲ್ಲಿಂದ ಕುಪ್ಪಂಗೆ ಹೊಸ ಹಳಿ ಹಾಕುವ ಯೋಜನೆ ಇದೆ. ಅದು ಮುಗಿದರೆ ಮಾರಿಕುಪ್ಪಂ ಕೊನೆಯ ನಿಲ್ದಾಣವಾಗಿ ಉಳಿಯಲ್ಲ, ನಡುವಿನ ನಿಲ್ದಾಣಗಳಲ್ಲಿ ಒಂದಾಗುತ್ತದೆ. ಹಾಗಾಗಿ ಪ್ಲಾಟ್‌ಫಾರಮ್ಮಿನ ಮೇಲೆ ನಿಂತೇ ನಾಲ್ಕು ಫೋಟೊ ತೆಗೆಯಿರಿ: ಹೆಸರಿನ ಹಲಗೆ, ಹಳಿ ಮುಗಿಯುವ ಕಡೆ, ಹೊರಡಲು ನಿಂತ ಮೆಮು, ಟಿಕೆಟ್ ಕೌಂಟರ್. ನಾಲ್ಕಕ್ಕೂ ತಾರೀಖು ಹಾಕಿ. ಹೋಗುವ ಮೊದಲು ವಾಪಸ್ ಗಾಡಿಯ ಹೊತ್ತು ನೋಡಿಕೊಂಡು ಹೋಗಿ, ನಡು ಮಧ್ಯಾಹ್ನ ಅಲ್ಲಿ ಗಾಡಿಗಳು ಕಡಿಮೆ.